ಕಡ್ಡಿ ಎಣಿಸೋದು ಬಿಡ್ರಿ, ನಂಬರ್ ನೋಡ್ರಿ: ವೈರ್‌ಲೆಸ್ ಟೆಸ್ಟ್ ಲ್ಯಾಬ್ ಬಗ್ಗೆ ಹುಬ್ಬಳ್ಳಿಯೊಳಗ ಆಡಿದ ಮಾತು

(ವಿದ್ಯಾನಗರದ ಒಂದು ಕಾಲೇಜಿನ ಹಾಲ್‌ನ್ಯಾಗ ಭಾನುವಾರ ಮುಂಜಾನೆ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೋತ ನಾನ ಟೈಪ್ ಮಾಡೇನಿ, ಆಡಿದಂಗ ಬಿಟ್ಟೇನಿ. ನಡುವ ಮೈಕ್ ಕೈ ಕೊಟ್ಟಿತ್ತು, ಅಲ್ಲಿದ್ದಷ್ಟು ನೆನಪಿನ ಮ್ಯಾಲ ಬರದದ್ದು.)

ಎಲ್ಲಾರಿಗೂ ನಮಸ್ಕಾರ್ರಿ. ಮೊದಲ ಫೋನ್ ಹೊರಗ ತಗೀರಿ. ಸೈಲೆಂಟ್ ಮಾಡಾಕ ಹೇಳವಲ್ಲೆ, ಸೆಟ್ಟಿಂಗ್ಸ್‌ಗೆ ಹೋಗ್ರಿ, ಅಬೌಟ್ ಫೋನ್ ಅಂತ ಇರ್ತೈತಿ, ಅದರಾಗ ಸಿಮ್ ಸ್ಟೇಟಸ್, ಅಲ್ಲಿ ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಮೈನಸ್ ನಂಬರ್ ಕಾಣ್ತೈತಿ, ಮುಂದ ಡಿಬಿಎಮ್ ಅಂತ ಬರದಿರ್ತಾರ. ಐಫೋನ್ ಇದ್ದವರು ಬಾಜೂದವರದು ನೋಡ್ರಿ, ನಿಮ್ಮದ್ರಾಗ ಅದು ಅಷ್ಟು ಸಸಾರ ಸಿಗಂಗಿಲ್ಲ.

ಏನ್ ಬಂತು? ಮೈನಸ್ 85. ಹಿಂದ ಕಿಡಕಿ ಇಲ್ಲದ ಕಡೆ ಕುಂತಾರಲ್ಲ, ನಿಮ್ಮದು? ಮೈನಸ್ 104. ಇಬ್ಬರ ಫೋನ್‌ನ್ಯಾಗೂ ಕಡ್ಡಿ ಎಷ್ಟದಾವ? ಇವರದೂ ಮೂರು, ನಿಮ್ಮದೂ ಮೂರು. ನಗಬ್ಯಾಡ್ರಿ, ನಿಮ್ಮಿಬ್ಬರ ನಡುವ ಸಿಗ್ನಲ್‌ನ್ಯಾಗ ಸುಮಾರು 80 ಪಟ್ಟು ಫರಕ್ ಐತಿ. ಎಷ್ಟು ಡಿಬಿಎಮ್‌ಗೆ ಎಷ್ಟು ಕಡ್ಡಿ ತೋರಸ್ಬೇಕು ಅಂತ ಎಲ್ಲಾ ಕಂಪನಿಗೂ ಹತ್ತೂವಂಥ ಕಾಯ್ದೆ ಇಲ್ರಿ. ಫೋನ್ ಮಾಡಾವರು ತಮಗ ತಿಳದಂಗ ಹಚ್ತಾರ, ಒಬ್ಬ ಉದಾರಿ ಇರ್ತಾನ, ಒಬ್ಬ ಜುಗ್ಗ ಇರ್ತಾನ.

ಈ ಡಿಬಿಎಮ್ ಲೆಕ್ಕ ಒಂದ ಮಿನಿಟಿಂದು, ಹೆದರಬ್ಯಾಡ್ರಿ. ಸೊನ್ನಿ ಅಂದ್ರ ಒಂದು ಮಿಲಿವ್ಯಾಟ್. ಅಲ್ಲಿಂದ ಹತ್ತು ಕೆಳಗ ಇಳದ್ರ ಹತ್ತರಾಗ ಒಂದು ಪಾಲು, ಇಪ್ಪತ್ತು ಇಳದ್ರ ನೂರರಾಗ ಒಂದು. ಹಂಗ ಹೋಗಿ ಮೈನಸ್ 100ಕ್ಕ ಬಂದ್ವಿ ಅಂದ್ರ ಒಂದು ಮಿಲಿವ್ಯಾಟನ್ನ ಸಾವಿರ ಕೋಟಿ ಮಂದಿಗೆ ಹಂಚಿ ಒಬ್ಬರ ಪಾಲಿಗೆ ಬಂದಷ್ಟು. ಭೂಮಿ ಮ್ಯಾಲ ಅಷ್ಟು ಮಂದೀನ ಇಲ್ಲ. ಅಷ್ಟ ಇಟ್ಕೊಂಡು ನಿಮ್ಮ ಫೋನು ವಿಡಿಯೋ ಕಾಲ್ ನಡಸ್ತೈತಿ. ಅದ ಫೋನು ಟವರ್‌ಗೆ ವಾಪಸ್ ಕೂಗಬೇಕಂದ್ರ ಸುಮಾರು 200 ಮಿಲಿವ್ಯಾಟ್ ತನಕ ಹಾಕ್ತೈತಿ. ಅಂದ್ರ ತಾನು ಕೂಗೋದು ತಾನು ಕೇಳೋದರ 2 ಲಕ್ಷ ಕೋಟಿ ಪಟ್ಟು. ಮದುವಿ ಮನ್ಯಾಗ ಬ್ಯಾಂಡ್ ಬಾರಿಸ್ಕೋತ ಆಚಿ ಓಣ್ಯಾಗಿನ ಸೊಳ್ಳಿ ಸಪ್ಳ ಕೇಳಿದಂಗ ಇದು. ಹೆಂಗ ಸಾಧ್ಯ ಅಂದ್ರ ಒಂದೋ ಕೂಗೋ ಫ್ರೀಕ್ವೆನ್ಸಿ ಬ್ಯಾರೆ ಕೇಳೋ ಫ್ರೀಕ್ವೆನ್ಸಿ ಬ್ಯಾರೆ ಇರ್ತೈತಿ, ಇಲ್ಲಾ ಪಾಳಿ ಹಚ್ಚಿ ಒಮ್ಮೆ ಕೂಗಿ ಒಮ್ಮೆ ಕೇಳ್ತೈತಿ.

ಇದನ್ನ ಯಾಕ ಹೇಳಿದ್ನಿ ಅಂದ್ರ, ಈ ಸಣ್ಣ ಸಪ್ಳ ಖರೇನ ಎಷ್ಟು ಕೇಳ್ತೈತಿ ಅಂತ ಯಾರು ಅಳೀತಾರ, ಎಲ್ಲಿ ಅಳೀತಾರ, ಅಳದದ್ದನ್ನ ಇನ್ನೊಬ್ಬರು ತಿರುಗಿ ಅಳದ್ರ ಅಷ್ಟ ಬರ್ತೈತೇನು, ಇವತ್ತಿನ ಮಾತು ಇದರ ಸುತ್ತ ಅಷ್ಟ. ನಾ ಚೆನ್ನೈದಾಗ ಆರು ವರ್ಷ ಇಂಥದ್ದ ಒಂದು ಲ್ಯಾಬ್‌ನ್ಯಾಗ ದುಡದೇನಿ. ಹುಬ್ಬಳ್ಳಿಗೆ ಬಂದ ಮ್ಯಾಲ ಮಂದಿ "ಏನ್ ಕೆಲಸ ಮಾಡ್ತಿದ್ದಿ ಅಲ್ಲೆ" ಅಂತ ಕೇಳಿದ್ರ "ಖಾಲಿ ಖೋಲಿಯೊಳಗ ಫೋನ್ ತಿರುಗಸ್ತಿದ್ನಿ" ಅಂತೇನಿ, ನಮ್ಮ ಕಾಕಾ ಇನ್ನೂ ನಂಬಿಲ್ಲ.

ರಿಸರ್ಚ್ ಪಾರ್ಕ್ ಅಂದ ಕೂಡ್ಲೆ ಇಂದಿರಾ ಗಾಜಿನಮನಿಯಂಥ ತೋಟ ಕಣ್ಣಿಗೆ ಬರಬಾರ್ದು. ಯುನಿವರ್ಸಿಟಿ ಕಂಪೌಂಡಿಗೆ ಹತ್ತಿ ಕಂಪನಿಗೋಳು ಬಂದು ಕೂಡೋ ಜಾಗಾ ಅದು. 1951ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್‌ದವರು ಮೊದಲ ಶುರು ಮಾಡಿದ್ರು, ನಮ್ಮ ದೇಶದಾಗ 2010ರಾಗ ಚೆನ್ನೈ ಐಐಟಿ ಮಗ್ಗಲಕ ಆತು. ಚೆನ್ನೈದ್ದರಾಗ ಒಂದು ಪದ್ಧತಿ ನನಗ ಭಾಳ ಮನಸ್ಸಿಗೆ ಬಂದದ್ದು. ಬಾಡಿಗಿ ಕೊಟ್ಟು ಸುಮ್ನ ಕೂಡೂಹಂಗಿಲ್ಲ, ಹುಡುಗರನ್ನ ತಗೋಬೇಕು, ಮಾಸ್ತರರ ಜೋಡಿ ಕೂಡಿ ಕೆಲಸ ಮಾಡಬೇಕು, ಅದಕ್ಕ ಕ್ರೆಡಿಟ್ ಅಂತ ಲೆಕ್ಕ ಇಡ್ತಾರ.

ವೈರ್‌ಲೆಸ್ ಟೆಸ್ಟಿಂಗ್‌ಗೆ ಇಂಥ ಜಾಗಾನ ಬೇಕು ಯಾಕ? ರಾಶಿ ಮಷಿನ್ ಲೆಕ್ಕ ಹಾಕ್ರಿ. ಊರಾಗ ಎಲ್ಲಾರ ಮನಿ ಮುಂದನೂ ರಾಶಿ ಮಷಿನ್ ಇರ್ತೈತೇನು? ಸುಗ್ಗಿಯೊಳಗ ನಾಕ ದಿನದ ಕೆಲಸ, ಯಾರೋ ಒಬ್ಬರು ತಂದಿರ್ತಾರ, ಉಳಿದವರು ಬಾಡಿಗಿ ಕೊಡ್ತಾರ. ಸ್ಪೆಕ್ಟ್ರಮ್ ಅನಲೈಜರ್, ನೆಟ್‌ವರ್ಕ್ ಅನಲೈಜರ್, ಚಾನೆಲ್ ಎಮ್ಯುಲೇಟರ್ ಅಂತ ಸಿಗ್ನಲ್ ಅಳಿಯೋ ಮಷಿನ್ನು, ಅದರ ಮ್ಯಾಲ ಚೇಂಬರ್, ಅಂದ್ರ ನಾ ಹೇಳಿದ ಆ ಖಾಲಿ ಖೋಲಿ, ಎಲ್ಲಾ ಕೂಡಿದ್ರ ಕೋಟಿಗಟ್ಟಲೆ ರೊಕ್ಕ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ಇಪ್ಪತ್ತು ಮಂದಿ ಇಟ್ಕೊಂಡು ನೀರಿನ ಮೀಟರ್‌ಗೆ ರೇಡಿಯೋ ಹಾಕಾವ ಅದನ್ನ ಎಲ್ಲಿಂದ ಕೊಳ್ಳಬೇಕು? ಅವಂಗ ಬೇಕಾಗೋದು ವರ್ಷಕ್ಕ ಹತ್ತು ದಿನ.

ಈಗ ಆ ಖಾಲಿ ಖೋಲಿಯೊಳಗ ಹೋಗೂಣು.

ಬಾಗಲು ಹಳೇ ಬ್ಯಾಂಕಿನ ಲಾಕರ್ ಬಾಗಲದಂಗ ದಪ್ಪ ಇರ್ತೈತಿ, ಅಂಚಿಗೆ ಸುತ್ತಲೂ ತಾಮ್ರದ ಸಣ್ಣ ಸಣ್ಣ ಬೆರಳಿನಂಥ ಪಟ್ಟಿ, ಹಾಕಿದ್ರ ಅವು ಚೌಕಟ್ಟಿಗೆ ಒತ್ತಿ ಕೂಡ್ತಾವ, ಸಂದಿ ಉಳಿಯಂಗಿಲ್ಲ. ಬಾಗಲ ಹಾಕಿದ ಕೂಡ್ಲೆ ಕಿಸೆದಾಗಿನ ಫೋನ್ ನೋ ಸರ್ವಿಸ್ ಆಗ್ತೈತಿ. ಹೊರಗಿಂದ ಒಂದು ಸಿಗ್ನಲ್ ಒಳಗ ಬರಂಗಿಲ್ಲ. ಇದು ಅರ್ಧ ಕೆಲಸ ಆತು. ಇನ್ನರ್ಧ ಅಂದ್ರ ಒಳಗಿನ ಸಿಗ್ನಲ್ ಗ್ವಾಡಿಗೆ ಬಡದು ವಾಪಸ್ ಬರಬಾರ್ದು. ಅದಕ್ಕ ಗ್ವಾಡಿ, ಮ್ಯಾಲಿನ ಮಾಳಿಗಿ, ನೆಲ, ಎಲ್ಲಾ ಕಡೆ ಚೂಪಾದ ಫೋಮಿನ ಗೋಪುರ ಹಚ್ಚಿರ್ತಾರ, ಒಳಗ ಇದ್ದಲಿಪುಡಿ ಅಂದ್ರ ಕಾರ್ಬನ್ ತುಂಬಿದ್ದು. ಚೂಪ ಯಾಕ? ಉಣಕಲ್ ಕೆರಿ ದಂಡಿಗೆ ನಿಂತು ನೋಡ್ರಿ. ಕಲ್ಲಿನ ಗ್ವಾಡಿ ಕಟ್ಟಿದಲ್ಲಿ ತೆರಿ ಬಡದು ತಿರುಗಿ ಹೋಗ್ತೈತಿ, ಇಳಿಜಾರು ಮಣ್ಣು ಇದ್ದಲ್ಲಿ ಸುಮ್ನ ಮ್ಯಾಲ ಏರಿ ಅಲ್ಲೇ ಸಾಯ್ತೈತಿ. ಚೂಪ ಮೊನಿ ಅಂದ್ರ ರೇಡಿಯೋ ಅಲೆಗೆ ಅಂಥ ಇಳಿಜಾರು, ಯಾವಾಗ ಒಳಗ ಸಿಕ್ಕೊಂಡ್ನಿ ಅಂತ ಅದಕ್ಕ ತಿಳಿಯೋದರಾಗ ಕಾರ್ಬನ್ನು ಅದನ್ನ ಕಾವು ಮಾಡಿ ಮುಗಿಸಿರ್ತೈತಿ.

ಆ ಫೋಮು ಸಪ್ಳಾನೂ ಕುಡೀತೈತಿ. ಮೊದಲನೇ ಸಲ ಒಳಗ ಮಾತಾಡಿದಾಗ ಕೌದಿ ಹೊದ್ಕೊಂಡು ಮಾತಾಡಿದಂಗ ಅನಸ್ತು, ಮಾತು ಬಾಯಿ ದಾಟಿ ಮುಂದ ಹೋಗವಲ್ದು. ಹೊಸಾ ಹುಡುಗರು ಬಂದ್ರ ಒಬ್ಬರಾದ್ರೂ ಆ ಮೊನಿ ಮುಟ್ಟತಾರ, ಮುಟ್ಟಬ್ಯಾಡ್ರೋ ಅಂದ್ರೂ ಮುಟ್ಟತಾರ, ಅಂಗಿಗೆ ಕರಿ ಹತ್ತಿಸ್ಕೊಂಡು ಹೊರಗ ಬರ್ತಾರ. ಒಬ್ಬಾಕಿ ಇಂಟರ್ನ್ ಒರಗಿ ನಿಂತು ಏಳೆಂಟು ಮೊನಿ ಮುರದು ಅಳಾಕ ಹತ್ತಿದ್ಲು. ಪಾಪ, ನಾವೇನ್ ಅನ್ನಲಿಲ್ಲ, ನಮ್ಮ ಸೀನಿಯರ್ ಒಬ್ಬಾವ ಮೊದಲನೇ ವಾರದಾಗ ಏಣಿ ಸಮೇತ ಬಿದ್ದಿದ್ದ.

ನಡುವ ಒಂದು ತಿರುಗೋ ಮೇಜು. ಅದರ ಮ್ಯಾಲ ಥರ್ಮಾಕೋಲಿನಂಥ ಕಟ್ಟೆ, ಅದರ ಮ್ಯಾಲ ಫೋನು, ಫೋನಿಗೆ ಒಂದು ಪ್ಲಾಸ್ಟಿಕ್ ಕೈ. ಕೈ ಯಾಕಂದ್ರ ನಾವು ಫೋನ್ ಹಿಡಕೊಂಡ ಮಾತಾಡಾವರು, ಮನಷ್ಯಾನ ಕೈಯೊಳಗ ನೀರು ಉಪ್ಪು ಎಲ್ಲಾ ಇರ್ತೈತಿ, ಅದು ಸಿಗ್ನಲ್ ನುಂಗ್ತೈತಿ. ಆ ಪ್ಲಾಸ್ಟಿಕ್ ಕೈಯನ್ನ ನಮ್ಮ ಮಾಂಸದಂಗ ಸಿಗ್ನಲ್ ನುಂಗೂಹಂಗ ಮಾಡಿರ್ತಾರ. ಒಂದೊಂದ ಡಿಗ್ರಿ ತಿರುಗಸ್ಕೋತ, ಪ್ರತಿ ಕಡೆ ನಿಲ್ಲಸ್ಕೋತ, ಒಂದು ಫೋನ್ ಪೂರಾ ಅಳ್ಯಾಕ ರಾತ್ರಿಯೆಲ್ಲಾ ಹೋಗ್ತೈತಿ. ಜಾಹೀರಾತಿನ್ಯಾಗ ಕಾಣೋ ಬಿಳಿ ಕೋಟಿನ ವಿಜ್ಞಾನಿ ಅಲ್ಲಿ ಇರಂಗಿಲ್ರಿ, ಚಹಾ ಕುಡದು ಕುಡದು ನಿದ್ದಿಗೆಟ್ಟ ಹುಡುಗರು ಇರ್ತಾರ.

ಒಂದು ಸಲ ಏನಾತು ಅಂದ್ರ, ಒಂದು ಆಂಟೆನಾ ಅಳೀಲಿಕ್ಕೆ ಹತ್ತಿದ್ವಿ, ಮುಂಜಾನೆ ಒಂದು ನಂಬರ್, ಮಧ್ಯಾಹ್ನ ಒಂದು, ಸಂಜಿಕೆ ಮತ್ತ ಮುಂಜಾನೆದ್ದ. ಎರಡು ದಿನ ತಲಿ ಕೆಟ್ಟು ಕುಂಬಳಕಾಯಿ ಆತು. ಎಸಿ ಮ್ಯಾಲ ಡೌಟ್ ಬಂತು, ಸಾಫ್ಟ್‌ವೇರ್ ಮ್ಯಾಲ ಬಂತು, ಆಂಟೆನಾ ಮಾಡಿದ ಕಂಪನಿಯವರು ಫೋನಿನ ಮ್ಯಾಲ ಫೋನು, "ಸರ್ ನಮ್ದು ಪಾಸ್ ಆತೇನ್ ಸರ್" ಅಂತ. ಕಡೀಕ ನೋಡಿದ್ರ ಒಂದು ಕನೆಕ್ಟರ್. ನಾನ ಹಾಕಿದ್ದು. ಕೈಲೆ ಬಿಗಿ ಮಾಡಿದ್ನಿ, ಬಿಗಿ ಆತು ಅಂತ ಬಿಟ್ಟಿದ್ನಿ. ಅದಕ್ಕಂತ ಒಂದು ಟಾರ್ಕ್ ಪಾನಾ ಇರ್ತೈತಿ, ಸಾಕಷ್ಟು ಬಿಗಿ ಆದ ಕೂಡ್ಲೆ ಕಟ್ ಅಂತ ಸಪ್ಳ ಮಾಡ್ತೈತಿ, ಆ ಕಟ್ ಕೇಳಿಸೋ ಮಟ ಬಿಡಬಾರ್ದು. ಮಧ್ಯಾಹ್ನ ಬಿಸಿಗೆ ಕೂದಲೆಳಿಯಷ್ಟು ಸಡಿಲಾಗಿ, ಸಂಜಿಕೆ ಮತ್ತ ಕೂಡ್ತಿತ್ತು ಅದು. ಇವತ್ತಿಗೂ ನಮ್ಮ ಮನ್ಯಾಗ ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ಹಾಕುವಾಗ ಕಟ್ ಅಂದ್ರಷ್ಟ ಕೈ ಬಿಡ್ತೇನಿ, ಹೆಂಡತಿ ನಗ್ತಾಳ.

ಇನ್ನ ಅಲೆ ಉದ್ದದ ಮಾತು. ಇದು ತಿಳದ್ರ 5ಜಿ ಅರ್ಧ ತಿಳದಂಗ. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕ ಶುರುವಾತು, ನಮ್ಮ ಅಜ್ಜಾರ ರೇಡಿಯೋದ ಮುಳ್ಳು 765 ಕಿಲೋಹರ್ಟ್ಸ್ ಬಿಟ್ಟು ಸರದದ್ದು ನಾ ನೋಡಿಲ್ಲ. ಆ 765ರ ಒಂದು ಅಲೆ ಎಷ್ಟು ಉದ್ದ ಗೊತ್ತೇನ್ರಿ? ಸುಮಾರು 392 ಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಉದ್ದಂದು ಅಂತ ಹೇಳ್ಕೋತೇವಿ, ಅದರ ಮ್ಯಾಲ ಧಾರವಾಡ ಆಕಾಶವಾಣಿಯ ನಾಕ ಅಲೆ ಪೂರಾ ಹಿಡಿಸಂಗಿಲ್ಲ. ಅಂಥಾ ಉದ್ದನ್ನ ಅಲೆಗೆ ನಿಮ್ಮ ಮನಿ, ಗಿಡ, ಗುಡ್ಡ ಯಾವುದೂ ಲೆಕ್ಕಕ್ಕಿಲ್ಲ, ಬಳಸಿ ಹೋಗ್ತೈತಿ. 5ಜಿಯೊಳಗ 700 ಮೆಗಾಹರ್ಟ್ಸ್ ಅಂತ ಒಂದು ಪಟ್ಟಿ ಐತಿ, ಅದರ ಅಲೆ 43 ಸೆಂಟಿಮೀಟರ್, ಒಂದು ಮೊಳ ಅನ್ರಿ. ನಮ್ಮ ಕಡೆ ಹೆಚ್ಚಾಗಿ 5ಜಿ ನಡಿಯೋದು 3.3ರಿಂದ 3.67 ಗಿಗಾಹರ್ಟ್ಸ್ ಪಟ್ಟಿಯೊಳಗ, ಅದು ನಾಕ ಬೆರಳಿಗಿಂತ ಸ್ವಲ್ಪ ಜಾಸ್ತಿ. ಇನ್ನ 26 ಗಿಗಾಹರ್ಟ್ಸ್ ಐತಿ, 2022ರ ಹರಾಜಿನ್ಯಾಗ ಅದನ್ನೂ ಮಾರಿದ್ರು, ಅದರ ಅಲೆ ಒಂದು ದಪ್ಪ ಕಡ್ಲಿಕಾಳಿನಷ್ಟು. ಕಡ್ಲಿಕಾಳಿಗೆ ಎಲ್ಲಾ ಅಡ್ಡ ಬರ್ತೈತಿ. ಎಲಿ ಅಡ್ಡ, ಮಳಿ ಅಡ್ಡ, ನೀವು ಎದ್ದು ನಿಂತ್ರ ನೀವು ಅಡ್ಡ. ಬಯಲಿನ್ಯಾಗ, ಒಂದ ಥರದ ಸಣ್ಣ ಆಂಟೆನಾ ಇಟ್ಟು ನೋಡಿದ್ರ, 700ಕ್ಕ ಬರೋ ಶಕ್ತಿಯ ಸುಮಾರು 1400ರಾಗ ಒಂದು ಪಾಲು ಅಷ್ಟ 26 ಗಿಗಾಹರ್ಟ್ಸ್‌ಗೆ ಬರ್ತೈತಿ.

ಹಂಗಾರ ಅದು ಯಾಕ ಬೇಕು? ಅಲ್ಲಿ ಜಾಗಾ ಭಾಳ ಐತ್ರಿ. ಚಿಕ್ಕ ಅಲೆಗೆ ಆಂಟೆನಾನೂ ಚಿಕ್ಕದು, ಒಂದು ಅಂಗೈಯಷ್ಟು ಹಲಗಿಮ್ಯಾಲ ಹತ್ತಾರು ಆಂಟೆನಾ ಕೂಡಿಸಿ ಎಲ್ಲಾ ಕೂಡಿ ಒಂದ ಕಡೆ ಬೆಳಕು ಬಿಟ್ಟಂಗ ಸಿಗ್ನಲ್ ಬಿಡಬಹುದು, ಇದಕ್ಕ ಬೀಮ್‌ಫಾರ್ಮಿಂಗ್ ಅಂತಾರ. ಆದ್ರ ಟೆಸ್ಟ್ ಮಾಡಾವರಿಗೆ ಅಲ್ಲೇ ಫಜೀತಿ ಶುರು. ಹಳೇ ಫೋನಿಗೆ ಒಂದು ಕೇಬಲ್ ಚುಚ್ಚಿ ಅಳೀಬಹುದಿತ್ತು, ಈ 26ರ ಪಟ್ಟಿಯೊಳಗ ಆಂಟೆನಾ ಮತ್ತ ರೇಡಿಯೋ ಚಿಪ್ ಒಂದಕ್ಕೊಂದು ಅಂಟಿ ಒಂದ ಸಾಮಾನಾಗಿರ್ತಾವ, ಕೇಬಲ್ ಚುಚ್ಚಾಕ ಜಾಗಾನ ಇಲ್ಲ, ಗಾಳಿಯೊಳಗ ಬಿಟ್ಟ ಅಳೀಬೇಕು. ಗಾಳಿಯೊಳಗ ಅಳ್ಯಾಕ ದೂರ ನಿಲ್ಲಬೇಕು, ಹತ್ರ ಅಲೆ ಇನ್ನೂ ಬಾಗಿರ್ತೈತಿ. ಅರ್ಧ ಮೀಟರಿನ ಒಂದು ಟವರ್ ಪ್ಯಾನೆಲ್‌ನ 26 ಗಿಗಾಹರ್ಟ್ಸ್‌ನ್ಯಾಗ ಸರಿಯಾಗಿ ಅಳೀಬೇಕಂದ್ರ ಲೆಕ್ಕದ ಪ್ರಕಾರ 43 ಮೀಟರ್ ದೂರ ಬೇಕು. ಅಷ್ಟು ಉದ್ದದ ಚೇಂಬರ್ ಯಾರ ಕಟ್ತಾರ? ಅದಕ್ಕ ಒಂದು ಬಾಗಿದ ಲೋಹದ ಕನ್ನಡಿ ಇಟ್ಟು ಬಾಗಿದ ಅಲೆನ ಸಪಾಟ ಮಾಡ್ತಾರ, ಹತ್ತು ಹೆಜ್ಜಿಯೊಳಗ ದೂರದ ಮೋಸ ಮಾಡಿದಂಗ. ಆ ಕನ್ನಡಿಗೆ ಬೆರಳಚ್ಚು ಬೀಳಿಸಿದ್ರ ಬೈಸ್ಕೋಬೇಕು.

ಇದೆಲ್ಲಾ ಹೊಸಾದಂತ ತಿಳಕೋಬ್ಯಾಡ್ರಿ. 1895ರಾಗ ಕಲಕತ್ತಾದಾಗ ಜಗದೀಶಚಂದ್ರ ಬೋಸರು ಇಂಥದ್ದ ಮಿಲಿಮೀಟರ್ ಅಲೆ ಇಟ್ಕೊಂಡು ಆಟ ಆಡಿದ್ರು. ಗ್ವಾಡಿ ದಾಟಿಸಿ ಗಂಟಿ ಬಾರಿಸಿ ತೋರಿಸಿದ್ರು. ಅಲೆ ಯಾವ ದಿಕ್ಕಿಗೆ ಅಲ್ಲಾಡ್ತೈತಿ ಅಂತ ಸೋಸಾಕ ಅವರು ಬಳಸಿದ್ದು ಏನು ಗೊತ್ತೇನು? ಒಂದು ರೈಲ್ವೆ ಟೈಮ್‌ಟೇಬಲ್ ಪುಸ್ತಕ, ಹಾಳಿ ನಡುವ ತವರದ ಕಾಗದ ಇಟ್ಟದ್ದು! ಹುರಿ ಹಾಕಿದ ಸೆಣಬನ್ನೂ ಬಳಸಿದ್ರು. ರೈಲ್ವೆ ಊರಿನವರು ನಾವು, ನಮಗ ಇದು ಮೊದಲ ಗೊತ್ತಿರಬೇಕಾಗಿತ್ತು. ನಮ್ಮ ಲ್ಯಾಬ್‌ನ್ಯಾಗ ಕೋಟಿ ರೂಪಾಯಿ ಸಾಮಾನು ಇಟ್ಕೊಂಡು ಕನೆಕ್ಟರ್ ಬಿಗಿ ಮಾಡಾಕ ಬರದ ನಾ ಇದನ್ನ ಓದಿ ಎರಡು ದಿನ ಸುಮ್ನ ಕುಂತಿದ್ನಿ.

ಈಗ ನನ್ನ ಖರೇ ಮಾತಿಗೆ ಬರ್ತೇನಿ. ಚೇಂಬರ್ ಅಂದ್ರ ಜಗತ್ತನ್ನೆಲ್ಲಾ ಹೊರಗ ಹಾಕಿ ಬಾಗಲ ಹಾಕ್ಕೊಳ್ಳೋದು. ಅಲ್ಲಿ ಪಾಸಾದ ಸಾಮಾನು ಹೊರಗ ಬಂದು ಫೇಲ್ ಆಗ್ತೈತಿ, ನಾ ಕಣ್ಣಾರೆ ಕಂಡೇನಿ. ಹಂಗಾಗಿ ಲ್ಯಾಬಿಗೆ ಬಯಲು ಬೇಕು. ಅಮೆರಿಕಾದಾಗ ಇದನ್ನ ತಿಳದು ಪವರ್ (PAWR) ಅಂತ ಒಂದು ಯೋಜನಾ ಮಾಡಿದ್ರು, ವಿಜ್ಞಾನಕ್ಕ ರೊಕ್ಕ ಕೊಡೋ ಸರಕಾರದ ಎನ್‌ಎಸ್‌ಎಫ್ ಮತ್ತ ಕಂಪನಿಗೋಳು ಕೂಡಿ, ನಾಕ ಕಡೆ ಊರಿಗೆ ಊರನ್ನ ಲ್ಯಾಬ್ ಮಾಡಿದ್ರು. ನ್ಯೂಯಾರ್ಕಿನ ಹಾರ್ಲೆಮ್‌ದಾಗ ಎತ್ತರ ಬಿಲ್ಡಿಂಗಿನ ನಡುವ ಒಂದು. ಸಾಲ್ಟ್ ಲೇಕ್ ಸಿಟಿಯೊಳಗ ಯುಟಾ ಯುನಿವರ್ಸಿಟಿಯವರದು ಒಂದು, ಅವರು ಕ್ಯಾಂಪಸ್ಸಿನ ಶಟಲ್ ಬಸ್ಸಿಗೆಲ್ಲಾ ರೇಡಿಯೋ ಕಟ್ಟಿದ್ರು, ಬಸ್ ತನ್ನ ಪಾಡಿಗೆ ತಾ ಮಂದಿನ ಹೊತ್ತು ತಿರುಗ್ತೈತಿ, ಜೋಡಿಗೆ ಅಳತಿನೂ ಆಗ್ತೈತಿ. ಮೂರನೇದು ನಾರ್ತ್ ಕ್ಯಾರೊಲೈನಾ ಸ್ಟೇಟ್ ಯುನಿವರ್ಸಿಟಿಯ ಸೆಂಟೆನಿಯಲ್ ಕ್ಯಾಂಪಸ್, ಅದೂ ಒಂದು ರಿಸರ್ಚ್ ಪಾರ್ಕ, ಅಲ್ಲಿ ಡ್ರೋನ್ ಹಾರಿಸಿ ಅಳೀತಾರ. ನಾಕನೇದು ಅಯೋವಾದ ಏಮ್ಸ್ ಊರು. ಅದು ನಮ್ಮ ಹಾವೇರಿಯಂಥ ಸೀಮಿ, ಎತ್ತ ನೋಡಿದ್ರೂ ಗೋವಿನಜೋಳ. ಹಳ್ಳಿಗೆ, ಹೊಲಕ್ಕ ಬ್ರಾಡ್‌ಬ್ಯಾಂಡ್ ಹೆಂಗ ಮುಟ್ಟಸಬೇಕು ಅಂತ ಅಲ್ಲಿ ನೋಡ್ತಾರ. ಬ್ಯಾರೆ ಊರಿನ ರಿಸರ್ಚರ್ ಮನ್ಯಾಗ ಕುಂತು ಲಾಗಿನ್ ಆಗಿ ಆ ರೇಡಿಯೋ ಓಡಸ್ಬಹುದು. ಇನ್ನೊಂದು, ಹೆಚ್ಚಿನ ಫ್ರೀಕ್ವೆನ್ಸಿ ಲೈಸನ್ಸ್ ಇಲ್ಲದ ಹೊರಗ ಬಿಡೂಹಂಗಿಲ್ಲ, ಅದಕ್ಕ ಅವರ ಫ್ರೀಕ್ವೆನ್ಸಿ ನೋಡ್ಕೊಳ್ಳೋ ಸಂಸ್ಥಾ ಎಫ್‌ಸಿಸಿ 2019ರಾಗ ನ್ಯೂಯಾರ್ಕ್ ಮತ್ತ ಸಾಲ್ಟ್ ಲೇಕ್‌ಗೆ ಇನೊವೇಶನ್ ಝೋನ್ ಅಂತ ಬಿಟ್ಟುಕೊಡ್ತು.

ನಾವೇನ ಸುಮ್ನ ಕುಂತಿಲ್ರಿ. 2022ರ ಮೇ 17ಕ್ಕ ನಮ್ಮ 5ಜಿ ಟೆಸ್ಟ್‌ಬೆಡ್, ಅಂದ್ರ 5ಜಿ ಸಾಮಾನು ಹಚ್ಚಿ ನೋಡೋ ಜಾಗಾ, ಉದ್ಘಾಟನಾ ಆತು, ಚೆನ್ನೈ ಐಐಟಿ ಮುಂದಾಳತ್ವ, ಎಂಟು ಸಂಸ್ಥಾ, ಬೆಂಗಳೂರಿನ ಐಐಎಸ್‌ಸಿನೂ ಅದರಾಗ ಒಂದು, 220 ಕೋಟಿ ರೂಪಾಯಿ ಹತ್ರ ಖರ್ಚು. 2023ರ ಅಕ್ಟೋಬರ್‌ದಾಗ ದೇಶದ 100 ಕಾಲೇಜಿಗೆ 5ಜಿ ಲ್ಯಾಬ್ ಅಂತ ಕೊಟ್ರು. ಅದಕ್ಕಿಂತ ನನಗ ದೊಡ್ಡದನಸೋದು ಭಾಳ ಮಂದಿಗೆ ಗೊತ್ತಿಲ್ಲದ ಒಂದು ಕೆಲಸ. 5ಜಿ ಅನಿಸ್ಕೊಳ್ಳಬೇಕಂದ್ರ ಏನೇನ್ ಟೆಸ್ಟ್ ಪಾಸಾಗಬೇಕು ಅಂತ ವಿಶ್ವಸಂಸ್ಥೆಯ ಟೆಲಿಕಾಂ ಸಂಸ್ಥಾ ಐಟಿಯು ಪಟ್ಟಿ ಮಾಡುವಾಗ ನಮ್ಮವರು ಹೋಗಿ ಕುಂತು ವಾದ ಮಾಡಿದ್ರು: ನಮ್ಮ ಹಳ್ಳಿಯೊಳಗ ಮಂದಿ ಬುಲೆಟ್ ಟ್ರೇನ್‌ನ್ಯಾಗ ಓಡಂಗಿಲ್ಲ, ನಡಕೊಂಡು ಹೋಗ್ತಾರ, ಆದ್ರ ಟವರ್‌ನಿಂದ ಟವರ್‌ಗೆ ಆರು ಕಿಲೋಮೀಟರ್ ದೂರ ಇರ್ತೈತಿ, ಅಲ್ಲೂ ನಡೀತೈತೇನು ತೋರಸ್ರಿ ಅಂತ. ಎಲ್‌ಎಮ್‌ಎಲ್‌ಸಿ, ಅಂದ್ರ ಓಡಾಟ ಕಡಿಮಿ ಟವರ್ ಹರವು ದೊಡ್ಡದು, ಅಂತ ಆ ಪರೀಕ್ಷಾ ಪಟ್ಟಿಯೊಳಗ ಸೇರ್ತು. ಅದನ್ನ ಇಟ್ಕೊಂಡು 5ಜಿಐ ಅಂತ ನಮ್ಮದ ಒಂದು ಸ್ಟ್ಯಾಂಡರ್ಡ್ ಬಂತು, ಮುಂದ ಅದು ಜಾಗತಿಕ ಸ್ಟ್ಯಾಂಡರ್ಡಿನ ಹದಿನೇಳನೇ ರಿಲೀಸಿನ್ಯಾಗ ಕೂಡಿತು. ಪ್ರಶ್ನಿಪತ್ರಿಕಾ ಬರಿಯಾವರ ಜೋಡಿ ಕೂಡೋದು ಅಂದ್ರ ಇದು. ಉತ್ತರ ಬರದು ಮಾರ್ಕ್ಸ್ ತಗೊಳ್ಳೋದು ಎಲ್ಲಾರೂ ಮಾಡ್ತಾರ.

ಹಂಗಾರ ನಮ್ಮ ಕಡೆ? ಧಾರವಾಡ ಐಐಟಿ 2016ರಾಗ ವಾಲ್ಮಿ ಅನ್ನೋ ನೀರು-ನೆಲ ಸಂಸ್ಥಾದ ಜಾಗಾದಾಗ ಶುರುವಾಗಿ ಈಗ ಚಿಕ್ಕಮಲ್ಲಿಗವಾಡದಾಗ ಕುಂತೈತಿ. ಅದರ ಕ್ಯಾಂಪಸ್ಸು, ನಮ್ಮ ಉದ್ದನ್ನ ಪ್ಲಾಟ್‌ಫಾರ್ಮು ಎರಡೂ ಒಂದ ದಿನ ಉದ್ಘಾಟನಾ ಆದವು, 2023ರ ಮಾರ್ಚ್ 12ಕ್ಕ. ಹುಬ್ಬಳ್ಳಿಯೊಳಗ 1947ರ ಬಿವಿಬಿ ಕಾಲೇಜು ಯುನಿವರ್ಸಿಟಿ ಆಗೇತಿ. ಹುಡುಗರು ಅದಾರ, ಮಾಸ್ತರರು ಅದಾರ. ನನ್ನ ಕೇಳಿದ್ರ ನಮಗ ಮೊದಲ ಬೇಕಾಗಿದ್ದು ಎರಡನೇ ಚೇಂಬರ್ ಅಲ್ಲ, ಚೆನ್ನೈ ಬೆಂಗಳೂರಿನ್ಯಾಗ ಅವು ಅದಾವ, ರಾತ್ರಿ ಟ್ರೇನ್ ಹತ್ತಿ ಹೋಗಿ ಅಳದು ಬರಬಹುದು. ನಮ್ಮ ಕಡೆ ಇರೋ ಬಯಲು ಅವರ ಕಡೆ ಇಲ್ಲ. ಚಿಗರಿ ಬಸ್ಸಿನ ಹಾದಿ ಹುಬ್ಬಳ್ಳಿಯಿಂದ ಧಾರವಾಡಕ್ಕ ಸುಮಾರು 22 ಕಿಲೋಮೀಟರ್, ತನ್ನದ ಲೇನು, ದಿನಾ ಅದ ಹಾದಿ, ಅದ ಸ್ಟಾಪು, ಯುಟಾದವರಿಗೂ ಇಷ್ಟು ಛಲೋ ಬಸ್ ಹಾದಿ ಸಿಕ್ಕಿಲ್ಲ. ಹತ್ತು ಚಿಗರಿ ಮ್ಯಾಲ ಹತ್ತು ಡಬ್ಬಿ ಕೂಡಿಸಿದ್ರ ಮಳಿಗಾಲ ಬ್ಯಾಸಗಿ ಎಲ್ಲಾ ಅಳತಿ ಸಿಗ್ತೈತಿ. ಗದಗ ಕಡೆ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಅದಾವ, ಆ ದೊಡ್ಡ ರೆಕ್ಕಿ ತಿರುಗುವಾಗ ಸಿಗ್ನಲ್ ಕತ್ತರಿಸಿ ಕತ್ತರಿಸಿ ಚೆಲ್ತೈತಿ, ಫ್ರೀಕ್ವೆನ್ಸಿನೂ ತುಸು ಅಲ್ಲಾಡಸ್ತೈತಿ, ಅದನ್ನ ಚೇಂಬರ್‌ನ್ಯಾಗ ಮಾಡಿ ತೋರಸ್ರಿ ನೋಡೂಣು.

ಇನ್ನ ಹಾವೇರಿ. ನಮ್ಮ ಭಾವನವರದು ಬ್ಯಾಡಗಿ ಕಡೆ ಹೊಲ. ಮಣ್ಣಿನ ಹಸಿ ಅಳಿಯೋ ಒಂದು ಸೆನ್ಸರ್ ನಾನ ಕಟ್ಟಿ ಕೊಟ್ಟಿದ್ನಿ, 865 ಮೆಗಾಹರ್ಟ್ಸಿನ ಲೈಸನ್ಸ್ ಬ್ಯಾಡದ ಪಟ್ಟಿಯೊಳಗ ಮಾತಾಡ್ತಿತ್ತು, ಮನಿ ಮಾಳಿಗಿ ಮ್ಯಾಲ ಕೇಳೋ ಡಬ್ಬಿ. ಜೂನ್ ಜುಲೈದಾಗ ಎಂಥಾ ಛಲೋ ನಡೀತು, ಭಾವನವರು ಊರಾಗೆಲ್ಲಾ ಹೇಳಿಬಿಟ್ರು. ಸೆಪ್ಟೆಂಬರ್‌ದಾಗ ಗೋವಿನಜೋಳ ಆಳೆತ್ತರ ಬಂತು, ಸೆನ್ಸರ್ ಮುಂಜಾನೆ ಸುಮ್ನ ಆಗಾಕ ಹತ್ತಿತು, ಮಧ್ಯಾಹ್ನ ಹನ್ನೊಂದು ಹನ್ನೆರಡಕ್ಕ ತಾನ ಬರ್ತಿತ್ತು. ಬ್ಯಾಟರಿ ಹೋಗೇತಿ ಅಂತ ಬದಲಿ ಮಾಡಿದ್ರು, ಹಂಗ. "ಏನಪಾ ಎಂಜಿನಿಯರ, ನಿನ್ನ ಸಾಮಾನು ನನ್ನ ಮಗನಂಗ ತಡಾ ಮಾಡಿ ಏಳ್ತೈತಲ್ಲ" ಅಂದ್ರು. ನಾ ಹೋಗಿ ಆರೂವರಿಗೆ ಹೊಲದಾಗ ನಿಂತ್ನಿ, ಪ್ಯಾಂಟು ಮೊಣಕಾಲ ತನಕ ತೊಯ್ದು ತೊಪ್ಪಿ. ಆವಾಗ ತಿಳೀತು. ಇಬ್ಬನಿ. ಎಲಿಯೊಳಗ ಮೊದಲ ನೀರು, ಮ್ಯಾಲ ಇಬ್ಬನಿ ನೀರು, ಮೊಣಕಾಲೆತ್ತರದ ಆಂಟೆನಾ ಆ ಹಸಿ ಗ್ವಾಡಿಯೊಳಗಿಂದ ಕೂಗಬೇಕು. ಬಿಸಲಿಗೆ ಇಬ್ಬನಿ ಆರಿದ ಮ್ಯಾಲ ದಾರಿ ಬಿಡ್ತಿತ್ತು. ಒಂದು ಬಿದಿರಿನ ಗಳಾ ನೆಟ್ಟು ಆಂಟೆನಾ ಪೀಕಿನ ಮ್ಯಾಲ ಏರಿಸಿದ್ವಿ, ಅಲ್ಲಿಗೆ ಮುಗೀತು. ಡಬ್ಬಿ ಮ್ಯಾಲ "ರೇಂಜ್ ಇಷ್ಟು ಕಿಲೋಮೀಟರ್" ಅಂತ ಬರದಿತ್ತಲ್ಲ, ಅದು ಯಾವ ತಿಂಗಳಿಂದು, ಎಷ್ಟು ಹೊತ್ತಿಗೆ ಅಳದದ್ದು, ಯಾವ ಪೀಕು ಅಂತ ಬರದಿರಲಿಲ್ಲ. ನಮ್ಮ ಕಡೆ ಒಂದು ಲ್ಯಾಬ್ ಆದ್ರ ನಾ ಮೊದಲ ಕೇಳೋದು ಚೇಂಬರಿನ ಸೈಜ್ ಅಲ್ರಿ, ಎಷ್ಟು ಎಕರೆ ಗೋವಿನಜೋಳ ಐತಿ ಅಂತ.

ಪ್ರಶ್ನಿ ಭಾಳ ಬಂದ್ವು, ಒಂದು ಮೂರು ಬರೀತೇನಿ.

ಒಬ್ಬ ಹುಡುಗ ಕೇಳಿದ, "ಸರ, 5ಜಿ ಅಂದ್ರ ಒಂದು ಮಿಲಿಸೆಕೆಂಡ್ ಲೇಟೆನ್ಸಿ ಅಂತ ಹೇಳ್ತಾರ, ನನಗ ಗೇಮ್‌ನ್ಯಾಗ ಮೂವತ್ತರ ಕೆಳಗ ಇಳಿವಲ್ದು." ತಮ್ಮಾ, ಲೇಟೆನ್ಸಿ ಅಂದ್ರ ಸಿಗ್ನಲ್ ಹೋಗಿ ಮುಟ್ಟಾಕ ಹಿಡಿಯೋ ಹೊತ್ತು. ಬೆಳಕು ಫೈಬರ್‌ನ್ಯಾಗ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಓಡ್ತೈತಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರ್ ಮ್ಯಾಲ. ಹೋಗಿ ಬರಾಕ ನಾಕು ಮಿಲಿಸೆಕೆಂಡ್ ಹಾದಿಗೇನ ಬೇಕು, ನಡುವ ಎಲ್ಲೂ ನಿಲ್ಲದ ಓಡಿದ್ರ. ಒಂದು ಮಿಲಿಸೆಕೆಂಡ್ ಅನ್ನೋದು ಫೋನಿಂದ ಟವರ್ ತನಕದ ಗಾಳಿ ಹಾದಿಯ ಗುರಿ. ಸರ್ವರ್ ಇಲ್ಲೇ ಎಪಿಎಂಸಿ ಹಿಂದ ಇಟ್ರ ಮಾತು ಬ್ಯಾರೆ.

ಹಿರಿಯರೊಬ್ಬರು, ಪೋಸ್ಟ್ ಆಫೀಸಿನಿಂದ ರಿಟೈರ್ ಆದವರು, ಟವರ್ ರೇಡಿಯೇಶನ್ ಬಗ್ಗೆ ಕೇಳಿದ್ರು. ಅಜ್ಜಾರ, ಫೋನಿಗೆ ನಮ್ಮ ದೇಶದಾಗ ಮಿತಿ ಐತಿ, ಒಂದು ಗ್ರಾಂ ಮಾಂಸಕ್ಕ ಸರಾಸರಿ ತಗೊಂಡ್ರ ಕಿಲೋಗೆ 1.6 ವ್ಯಾಟ್, ಅದನ್ನೂ ಲ್ಯಾಬ್‌ನ್ಯಾಗ ನೀರು-ಸಕ್ಕರಿ-ಉಪ್ಪಿನಂಥ ದ್ರವ ತುಂಬಿದ ತಲಿಬುರುಡಿ ಇಟ್ಟ ಅಳೀತಾರ. ನಿಮ್ಮ ಫೋನಿನ್ಯಾಗ ಸ್ಟಾರ್ ಹ್ಯಾಷ್ 07 ಹ್ಯಾಷ್ ಒತ್ತಿದ್ರ ನಿಮ್ಮ ಮಾಡೆಲ್‌ದು ತೋರಸ್ತೈತಿ. ಇನ್ನೊಂದು ಮಾತು, ಟವರ್ ದೂರ ಇದ್ದಷ್ಟು ನಿಮ್ಮ ಕೈಯಾಗಿನ ಫೋನು ಜೋರ ಕೂಗ್ತೈತಿ. ಅವರು ಒತ್ತಿ ನೋಡಿದ್ರು, ಕನ್ನಡಕ ಏರಿಸಿ ಬರಕೊಂಡ್ರು.

ಕುಂದಗೋಳ ಕಡೆಯವರೊಬ್ಬರು ಎದ್ದು, "ಇದೆಲ್ಲಾ ಖರೆ, ನಮ್ಮ ಊರಾಗ ಕರೆಂಟ್ ಹೋದ್ರ ಅರ್ಧ ತಾಸಿಗೆ ಟವರ್ ಹೋಗ್ತೈತಿ, ಅದಕ್ಕ ನಿಮ್ಮ ಲ್ಯಾಬ್‌ನ್ಯಾಗ ಏನೈತಿ?" ಅಂದ್ರು. ಹಾಲ್ ತುಂಬಾ ಚಪ್ಪಾಳಿ. ನನ್ನ ಮಾತಿಗೆ ಅಷ್ಟು ಬಿದ್ದಿರಲಿಲ್ಲ. ಏನೂ ಇಲ್ರಿ ಅಂತ ಹೇಳ್ದೆ. ಅದು ಬ್ಯಾಟರಿ ಸತ್ತದ್ದು, ಬದಲಿ ಮಾಡಬೇಕಾದವರು ಮಾಡಿಲ್ಲ. ಎಂಥಾ ಬೀಮ್‌ಫಾರ್ಮಿಂಗ್ ತಂದ್ರೂ ಸತ್ತ ಬ್ಯಾಟರಿಗೆ ಜೀವ ಬರಂಗಿಲ್ಲ.

ಮುಗದ ಮ್ಯಾಲ ಹೊರಗ ಚಾದಂಗಡಿಗೆ ಹೋದ್ವಿ, ಆ ಕುಂದಗೋಳದವರೂ ಬಂದ್ರು. ತಗಡಿನ ಶೆಡ್ಡು, ಮೂರು ಕಡೆ ತಗಡು. ಅವರ ಫೋನ್ ತಗದು ಸಿಮ್ ಸ್ಟೇಟಸ್ ನೋಡಿದ್ರು, ಒಳಗ ಮೈನಸ್ 109. ಗ್ಲಾಸ್ ಹಿಡಕೊಂಡು ನಾಕ ಹೆಜ್ಜಿ ಹೊರಗ ಬಿಸಲಿಗೆ ಬಂದ್ರು, ಮೈನಸ್ 91. ಮತ್ತ ಒಳಗ ಹೋದ್ರು, ಮತ್ತ ಹೊರಗ ಬಂದ್ರು. ಅಂಗಡಿಯಾಂವ "ಯಾಕ್ರೀ ಕಾಕಾ, ಚಾ ಬಿಸಿ ಭಾಳ ಆತೇನು" ಅಂತ ಕೇಳಿದ.